ಹುಳದ ಮನೆಯ ಗನ್ನುಗಳು

ನಮ್ಮತ್ತಿಗೆಯ ಎಡಗಿವಿಯಲ್ಲಿ ಕೆಂಪು ಹರಳಿನ ಓಲೆ ಇರುತ್ತಿತ್ತು. ಬಲಗಿವಿ ಬರಿದು. ತೂತು ಮುಚ್ಚಿಹೋಗದಿರಲಿ ಎಂದು ಅದಕ್ಕೊಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಮುತ್ತೈದೆ ಹೆಂಗಸು ಒಂದೇ ಓಲೆ ಹಾಕಿಕೊಂಡು ಓಡಾಡುವುದನ್ನು ಕಂಡ ನೆಂಟರು ಇನ್ನೊಂದು ಕಳೆದುಹೋಗಿದೆ ಎಂದುಕೊಂಡರು, ಗಿರವಿಗೆ ಹೋಗಿದೆ ಎಂದು ಆಡಿಕೊಂಡರು. ಕಾರಣ ಇಷ್ಟೆ. ಗ್ಯಾಸು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅವರು ಬಲಗಿವಿಯನ್ನು ಗನ್ನಿಗೆ ಒತ್ತಿ ಕೇಳಬೇಕಿತ್ತು. ಓಲೆ ಇದ್ದರೆ ಅದು ಗನ್ನಿನ ಮೈಗೆ ತಗುಲಿ ಸದ್ದು ಮಾಡುತ್ತಿತ್ತು.

ಗನ್ನು ಅಂದ ಕೂಡಲೇ ಹೆದರಬೇಡಿ. ಬಣ್ಣದ ಉಂಡೆ ಹಾರಿಸುವ ಆಟದ ಗನ್ನು, ಪೇಂಟ್‌ಬಾಲ್. ದೊಡ್ಡ ಗೋಲಿಯಷ್ಟಿರುವ ಉಂಡೆ, ಮೇಲೆ ಕ್ಯಾಪ್ಸೂಲಿನಂಥ ತೆಳು ಸಿಪ್ಪೆ, ಒಳಗೆ ಬಣ್ಣ. ಗ್ಯಾಸಿನ ಒತ್ತಡಕ್ಕೆ ಹಾರಿ ಎದುರಾಳಿಯ ಮೈಗೆ ಬಡಿದು ಒಡೆಯುತ್ತದೆ. ಬಣ್ಣ ಅಂಟಿದವರು ಆಟದಿಂದ ಹೊರಗೆ. ಬಡಿದೂ ಒಡೆಯದೆ ಪುಟಿದು ಹೋದರೆ ಲೆಕ್ಕಕ್ಕಿಲ್ಲ, ಆಟ ಮುಂದುವರಿಯುತ್ತದೆ. ಕಣ್ಣಿನ ಮುಂದೆ ದಪ್ಪ ಗಾಜಿನಂಥ ಪ್ಲಾಸ್ಟಿಕ್ಕು ಇರುವ ಮುಖವಾಡವನ್ನು ಮೈದಾನದೊಳಗೆ ಯಾರೂ ತೆಗೆಯುವಂತಿಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ನಮ್ಮಣ್ಣ ನಂಜನಗೂಡಿನ ಫ್ಯಾಕ್ಟರಿಯೊಂದರ ಸಾಹೇಬರಿಗೆ ಕಾರು ಓಡಿಸುತ್ತಿದ್ದ. ಅವರನ್ನು ಯಾವುದೋ ರೆಸಾರ್ಟಿಗೆ ಕರೆದುಕೊಂಡು ಹೋದಾಗ ಈ ಆಟ ನೋಡಿ ತಲೆಗೆ ಹಚ್ಚಿಕೊಂಡ. ಕಳಲೆ ದಾರಿಯಲ್ಲಿ, ಮನೆಗೆ ಅಂಟಿಕೊಂಡಂತೆ ನಮಗೊಂದು ಕಲ್ಲುಬಂಡೆಯ ಹೊಲವಿತ್ತು, ಹುರುಳಿ ಕೂಡ ಮುನಿಸಿಕೊಂಡೇ ಬರುತ್ತಿದ್ದ ಜಾಗ. ಅಲ್ಲಿ ಹಳೆ ಟಯರು, ಡ್ರಮ್ಮು ನಿಲ್ಲಿಸಿ, ಸುತ್ತ ಬಲೆ ಕಟ್ಟಿ, ಬೋರ್ಡು ನೆಟ್ಟುಬಿಟ್ಟ. ನಮ್ಮವ್ವ ಅದನ್ನು ನೋಡಿ, "ಉಳ್ಳಿ ಬಿತ್ತೋ ಜಾಗ್ದಲ್ಲಿ ಬಣ್ಣ ಬಿತ್ತಕೊಂಟವ್ನೆ, ಏನ್ ಬೆಳ್ದಾನೋ ಕಾಣೆ" ಅಂದಳು. ಮೈಸೂರಿನ ಕಂಪನಿಗಳವರು, ಕಾಲೇಜಿನವರು ಬರತೊಡಗಿದರು. ಅಣ್ಣನಿಗೆ ಚೆನ್ನಾಗಿ ಬರುತ್ತಿದ್ದದ್ದು ಮಾತು. ಗನ್ನು ಬರುತ್ತಿದ್ದದ್ದು ಅತ್ತಿಗೆಗೆ.

ಅದು ಬಂದ ಬಗೆಯೂ ವಿಚಿತ್ರವೇ. ಅಣ್ಣ ತಂದಿದ್ದೆಲ್ಲ ಯಾರೋ ಆಡಿ ಬಿಟ್ಟ ಹಳೆ ಗನ್ನುಗಳು. ಎಡಕ್ಕೆ ಗುರಿಯಿಟ್ಟರೆ ಬಲಕ್ಕೆ, ಎದೆಗೆ ಇಟ್ಟರೆ ಕಾಲಿಗೆ. ಉಂಡೆ ನಳಿಗೆಯಲ್ಲೇ ಒಡೆದು ಹೊಡೆದವರ ಕೈಗೇ ಬಣ್ಣ ಬಳಿಯುತ್ತಿತ್ತು. ರಿಪೇರಿಗೆ ಹೋಗಿ ಬಂದರೂ ಹೋದ ಹಾಗೇ ಬಂದವು. ಒಂದು ಮಧ್ಯಾಹ್ನ ಅತ್ತಿಗೆ ಒಂದು ಗನ್ನನ್ನು ತಂದು ಮೊರದಲ್ಲಿಟ್ಟುಕೊಂಡು ಬಿಚ್ಚತೊಡಗಿದರು. ಮೊರ ಯಾಕೆಂದರೆ ಸ್ಕ್ರೂ ಉರುಳಿ ಹೋಗಬಾರದಲ್ಲ. ಅಣ್ಣ ಬಂದು ಬೊಬ್ಬೆ ಹೊಡೆಯುವಷ್ಟರಲ್ಲಿ ಸ್ಪ್ರಿಂಗು, ಬೋಲ್ಟು, ರಬ್ಬರಿನ ಉಂಗುರಗಳು ಎಲ್ಲವೂ ಬಿಚ್ಚಿಕೊಂಡ ಕ್ರಮದಲ್ಲೇ ಸಾಲಾಗಿ ಕುಳಿತಿದ್ದವು. "ಬುಚ್ಚಿದ್ ದಾರೀಲೇ ವಾಪಸ್ ಓದ್ರಾಯ್ತು, ಅದುಕ್ಯಾಕ್ ಇಂಗ್ ಬಡ್ಕತೀರಿ" ಅಂದರು. ಹಾಗೆಯೇ ವಾಪಸ್ ಹೋದರು. ಆ ದಿನ ಗನ್ನು ಸರಿಯಾಗಲಿಲ್ಲ, ಆದರೆ ಅತ್ತಿಗೆ ಅದರೊಳಗೆ ಹೊಕ್ಕವರು ಆಮೇಲೆ ಹೊರಗೆ ಬರಲೇ ಇಲ್ಲ.

ಅವರ ತವರು ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿ, ರೇಷ್ಮೆಹುಳ ಸಾಕುವ ಮನೆ. ಹುಳದ ಮನೆಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಎಲೆಅಡಿಕೆ ಹೊಗೆಸೊಪ್ಪು ಬಾಯಲ್ಲಿಟ್ಟುಕೊಂಡು ಹೋಗುವಂತಿಲ್ಲ, ಕೈತೊಳೆಯದೆ ಏನನ್ನೂ ಮುಟ್ಟುವಂತಿಲ್ಲ. ಸೆಖೆ ಏರಿದರೆ ಒದ್ದೆ ಗೋಣಿತಾಟು ಕಟ್ಟಬೇಕು, ತಂಡಿ ಹೆಚ್ಚಾದರೆ ಸುಣ್ಣ ಚೆಲ್ಲಬೇಕು. ಹುಳ ಸೊಪ್ಪು ತಿನ್ನುವ ಸದ್ದು ಕೇಳಿಯೇ ಅವುಗಳ ಆರೋಗ್ಯ ಹೇಳುವವರು ಆ ಕಡೆ ಮನೆಗೊಬ್ಬರಿದ್ದಾರೆ. ಅತ್ತಿಗೆ ಮೈದಾನದ ಮೂಲೆಯಲ್ಲಿದ್ದ ಶೀಟಿನ ಮನೆಯನ್ನು ಗನ್ನಿಡಲು ತೆಗೆದುಕೊಂಡವರು ಈ ಕಾನೂನುಗಳನ್ನೆಲ್ಲ ಅಲ್ಲಿಗೆ ತಂದರು. ಬಣ್ಣದ ಉಂಡೆಗಳನ್ನು ಬಿದಿರು ತಟ್ಟೆಗಳಲ್ಲಿ ಹರಡಿ, ಒಂದೇ ಮಗ್ಗುಲಲ್ಲಿ ಚಪ್ಪಟೆಯಾಗದಂತೆ ಬೆಳಿಗ್ಗೆ ಸಂಜೆ ಹೊರಳಿಸುತ್ತಿದ್ದರು. ತಂಡಿ ತಾಗಿದರೆ ಉಂಡೆ ಉಬ್ಬುತ್ತದೆ, ಒಣಗಿದರೆ ಪೆಡಸಾಗುತ್ತದೆ. ಎಲ್ಲರೂ ಅದನ್ನು ಹುಳದ ಮನೆ ಎಂದೇ ಕರೆಯತೊಡಗಿದೆವು. ಕಂಪನಿಯ ಮ್ಯಾನೇಜರುಗಳು ಶೂ ಬಿಚ್ಚಿ, ಸಾಕ್ಸಿನಲ್ಲಿ ಒಳಗೆ ಬಂದು, ದೇವಸ್ಥಾನಕ್ಕೆ ಬಂದವರಂತೆ ನಿಲ್ಲುವುದನ್ನು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ.

ಅತ್ತಿಗೆ ಗನ್ನು ಹದ ಮಾಡುವ ಮೊದಲ ಹೆಜ್ಜೆ ಉಸಿರು. ನಳಿಗೆಯನ್ನು ಬಿಚ್ಚಿ, ಒಂದು ಉಂಡೆ ಹಾಕಿ, ನೆಟ್ಟಗೆ ಹಿಡಿಯುವರು. ಉಂಡೆ ತಾನಾಗಿ ಜಾರಿ ಬಿದ್ದರೆ ನಳಿಗೆ ಅಗಲವಾಯಿತು, ಗ್ಯಾಸು ಪಕ್ಕದಿಂದ ನುಸುಳಿಹೋಗುತ್ತದೆ. ಊದಿದರೂ ಹೊರಡದಿದ್ದರೆ ಬಿಗಿಯಾಯಿತು, ಒಳಗೇ ಒಡೆಯುತ್ತದೆ. ಸುಮ್ಮನೆ ನಿಂತಿರಬೇಕು, ಫೂ ಅಂದರೆ ಹೊರಡಬೇಕು. ಆಮೇಲೆ ರಬ್ಬರ್ ಉಂಗುರಗಳಿಗೆ ಎಣ್ಣೆ, ಆಮೇಲೆ ಸ್ಪ್ರಿಂಗು, ಎಲ್ಲಕ್ಕೂ ಕೊನೆಗೆ ವೇಗ ಏರಿಸಿ ಇಳಿಸುವ ಪುಟ್ಟ ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ವೇಗದ ಮೀಟರಿನ ಮುಂದೆ ಹೊಡೆದು ನೋಡಿ, ಮತ್ತೆ ತಿರುಗಿಸಿ, ಮತ್ತೆ ಹೊಡೆದು. ನಮ್ಮ ಮೈದಾನದ ಮಿತಿ ಸೆಕೆಂಡಿಗೆ ಇನ್ನೂರ ಎಂಬತ್ತು ಅಡಿ. ಅದರ ಮೇಲೆ ಹೋದ ಗನ್ನಿಗೆ ಅತ್ತಿಗೆ ಜ್ವರ ಬಂದಿದೆ ಅನ್ನುತ್ತಿದ್ದರು. ಗಿರಾಕಿಗಳು ಮಾತ್ರ ಜೋರು ಬೇಕು, ಇನ್ನೂ ಜೋರು ಬೇಕು ಎಂದು ಕಾಡುತ್ತಿದ್ದರು. "ಜೋರಾಗ್ ಓಗದು ದೊಡ್ಡದಲ್ಲ ಸಾ, ದಿನಾ ಒಂದೇ ತರ ಓಗದು ದೊಡ್ಡದು" ಎಂಬುದು ಅವರ ಉತ್ತರ. ಗಂಡನಿಗೂ ಅದೇ ಉತ್ತರ ಕೊಡುತ್ತಿದ್ದರು, ಬೇರೆ ಬೇರೆ ವಿಷಯಗಳಿಗೆ.

ಒಂದೇ ತರ ಇರಬೇಕು ಎನ್ನುತ್ತಿದ್ದ ಹೆಂಗಸು ತಾನು ಮಾತ್ರ ಒಂದು ಗಳಿಗೆ ಒಂದು ಕಡೆ ನಿಂತವರಲ್ಲ. ಊಟಕ್ಕೆ ಕುಳಿತರೆ ಮುದ್ದೆ ಮುರಿಯುವ ಹೊತ್ತಿಗೆ ಮೈದಾನದಿಂದ ಯಾವುದೋ ಗನ್ನಿನ ಸದ್ದು ಕೇಳಿ ಎದ್ದೇ ಹೋಗುವರು. ಕಾಫಿಯನ್ನು ನಡೆಯುತ್ತಲೇ ಕುಡಿದು, ಲೋಟವನ್ನು ಎಲ್ಲೋ ಟಯರಿನ ಮೇಲೆ ಇಟ್ಟು ಮರೆಯುವರು. ನಮ್ಮ ಮನೆಯ ಲೋಟಗಳೆಲ್ಲ ವಾರಕ್ಕೊಮ್ಮೆ ಮೈದಾನದಲ್ಲಿ ಸಿಕ್ಕುತ್ತಿದ್ದವು, ಕೆಲವಕ್ಕೆ ಬಣ್ಣದ ಉಂಡೆ ಬಡಿದಿರುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. "ಕಾಲ್ಗೆ ಚಕ್ರ ಕಟ್ಕಂಡು ಉಟ್ಟವ್ಳೆ ನಮ್ಮ ಸೊಸೆ" ಎಂದು ಅವ್ವ ಬಂದವರಿಗೆಲ್ಲ ಹೇಳುವಳು, ಅರ್ಧ ಹೆಮ್ಮೆ ಅರ್ಧ ದೂರು.

ಕೈಯೂ ಹಾಗೆಯೇ. ಒಮ್ಮೆ ಇಡೀ ಮೈದಾನದಲ್ಲೇ ಉತ್ತಮವಾದ ಒಂದು ಗನ್ನನ್ನು ಬಿಚ್ಚಿ ಕುಳಿತರು. ಅದಕ್ಕೆ ಯಾವ ರೋಗವೂ ಇರಲಿಲ್ಲ. ಯಾಕೆ ಎಂದು ಕೇಳಿದರೆ, "ಇಷ್ಟ್ ದಿನ ಏನೂ ತಂಟೆ ಮಾಡ್ದೆ ಇದ್ಯಲ್ಲ, ಅನುಮಾನ ನಂಗೆ" ಅಂದರು. ಮತ್ತೆ ಜೋಡಿಸಿದ ಮೇಲೆ ಅದು ಕೆಮ್ಮಲು ಶುರುಮಾಡಿತು. ಮೂರು ದಿನ ಅದರ ಹಿಂದೆ ಬಿದ್ದರು, ಅದು ಕೆಮ್ಮುತ್ತಲೇ ಇತ್ತು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರು ಎಂದು ನಾನು ಊರೆಲ್ಲ ಆಡಿಕೊಂಡು ಬಂದೆ. ನಾವು ತೊಳೆದಿಟ್ಟ ನಳಿಗೆಯನ್ನು ನಮ್ಮ ಕಣ್ಣೆದುರಿಗೇ ಇನ್ನೊಮ್ಮೆ ತೊಳೆಯುತ್ತಿದ್ದರು, ಅದು ನನಗೆ ಮೈ ಉರಿಸುತ್ತಿತ್ತು. ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಏನೂ ಬೈಯದೆ ಹೋದರೆ ಕೆಲಸ ಚೆನ್ನಾಗಿದೆ ಎಂದು ತಿಳಿದುಕೊಳ್ಳಬೇಕು.

ನಾನು ನಾದಿನಿ. ಅತ್ತಿಗೆ ನಾದಿನಿಯರ ಸಂಬಂಧ ಹೇಗಿರುತ್ತದೆ ಎಂದು ಕನ್ನಡ ಓದುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬಾಯಲ್ಲಿ ಅವರನ್ನು ನೀನು ಅನ್ನುತ್ತಿದ್ದೆ, ಈಗ ಬರೆಯುವಾಗ ಅವರು ಅನ್ನುತ್ತಿದ್ದೇನೆ. ಡಿಗ್ರಿ ಮುಗಿಸಿ, ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಒಂದರ ಮೇಲೊಂದು ಬರೆದು, ಒಂದರ ಮೇಲೊಂದು ಕಳೆದುಕೊಂಡು ಮನೆಯಲ್ಲಿದ್ದೆ. ಯಾರ ಮದುವೆಗೆ ಹೋದರೂ ಈಗ ಏನು ಮಾಡ್ತಿದೀಯಮ್ಮ ಎಂಬ ಪ್ರಶ್ನೆ. ಓದುತ್ತಿದ್ದೇನೆ ಎಂದು ಎಷ್ಟು ವರ್ಷ ಹೇಳುವುದು? ಪುಸ್ತಕ ಹಿಡಿದರೆ ಅಕ್ಷರ ಓಡುತ್ತಿರಲಿಲ್ಲ, ಬಿಟ್ಟರೆ ಎದೆ ಡವಗುಟ್ಟುತ್ತಿತ್ತು. ಅಂಥದ್ದೊಂದು ಬೆಳಿಗ್ಗೆ ಅತ್ತಿಗೆ ನನ್ನ ಕೈಗೆ ಗನ್ನು ಕೊಟ್ಟು, "ಆ ಡ್ರಮ್ಮಿಗೆ ಒಡಿ" ಅಂದರು. ಹೊಡೆದೆ. ಇನ್ನೊಂದಕ್ಕೆ ಹೊಡಿ ಅಂದರು. ಹೊಡೆದೆ. ಅವರು ಏನೂ ಬೈಯದೆ ಹೋದರು.

ಹಾಗೆ ಶುರುವಾಯಿತು ನಮ್ಮ ತಂಡ. ನಾನು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಇಬ್ಬರು ಗೆಳತಿಯರು, ಬದನವಾಳಿನ ಕಡೆಯ ಒಬ್ಬ ಅಂಗನವಾಡಿ ಟೀಚರ್. ಭಾನುವಾರ ಬೆಳಿಗ್ಗೆ ಅವರು ಬಸ್ಸಿಳಿದು, ಹುಳದ ಮನೆಯ ಹಿಂದೆ ಸೀರೆ ಬಿಚ್ಚಿ ಪ್ಯಾಂಟು ಹಾಕಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತಿದ್ದರು. ನಮಗೆ ಅತ್ತಿಗೆಯೇ ಕೋಚು, ಅತ್ತಿಗೆಯೇ ಮೆಕ್ಯಾನಿಕ್ಕು, ಅತ್ತಿಗೆಯೇ ಉಪ್ಪಿಟ್ಟು. ನಾನು ಆಟದಲ್ಲಿ ಚೆನ್ನಾಗಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಸಿಕ್ಕಿತ್ತು, ಮೈಯಲ್ಲಿ ಹೊಸ ರಕ್ತ ಬಂದಂತಿತ್ತು.

ಆ ಬೇಸಿಗೆಯಲ್ಲಿ ಅಣ್ಣ ನಮ್ಮ ಮೈದಾನದಲ್ಲೇ ಒಂದು ಪಂದ್ಯ ಇಟ್ಟ. ಮೈಸೂರಿನಿಂದ, ಬೆಂಗಳೂರಿನಿಂದ ತಂಡಗಳು ಬಂದವು. ಅವರದ್ದೆಲ್ಲ ಸ್ವಂತದ ಹೊಳೆಯುವ ಗನ್ನುಗಳು, ಗಾಳಿ ತುಂಬಿದ ಬಾಟಲಿಗಳು. ನಮ್ಮದು ಬಾಡಿಗೆಗೆ ಕೊಡುವ ಅದೇ ಹಳೆ ಗನ್ನು, ಗನ್ನಿನ ಹಿಂಬದಿಗೆ ಸಿಕ್ಕಿಸುವ ಅದೇ ಪುಟ್ಟ ಗ್ಯಾಸಿನ ಸಿಲಿಂಡರು. ಗ್ಯಾಸಿನದ್ದೊಂದು ಕಷ್ಟ ಇದೆ. ಬಿಸಿಲು ಏರಿದ ಹಾಗೆ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಉಂಡೆಯ ವೇಗವೂ ಏರುತ್ತದೆ. ಗಾಳಿಯ ಬಾಟಲಿಗೆ ಆ ಕಾಟ ಅಷ್ಟಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಅತ್ತಿಗೆ ನಮ್ಮ ಗನ್ನುಗಳನ್ನು ಇನ್ನೊಮ್ಮೆ ಮೀಟರಿಗೆ ಹಿಡಿದು ವೇಗ ಇಳಿಸುತ್ತಿದ್ದರು. ಪಂದ್ಯದ ದಿನ ವೇಗ ನೋಡುವ ಪೂರ್ತಿ ಜವಾಬ್ದಾರಿ ಅವರದ್ದೇ ಆಗಿತ್ತು. ಹೊರಗಿನವರೂ ಒಪ್ಪಿದ್ದರು.

ನಾವು ಗೆಲ್ಲುತ್ತ ಹೋದೆವು. ನಂಬುವುದಕ್ಕೆ ನಮಗೇ ಕಷ್ಟವಾಯಿತು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಎರಡೇ ತಂಡ, ನಾವು ಮತ್ತು ಮೈಸೂರಿನ ಒಂದು ಕಾಲೇಜಿನವರು. ಅವರ ನಾಯಕಿ ಉದ್ದ ಜಡೆಯ, ಸದಾ ನಗುವ ಒಬ್ಬ ಹುಡುಗಿ. ಅವಳ ಸ್ವಂತ ಮುಖವಾಡದ ಪಟ್ಟಿ ಹರಿದಿತ್ತು, ನಮ್ಮ ಬಾಡಿಗೆಯ ನೀಲಿ ಪಟ್ಟಿಯದೊಂದನ್ನು ಹಾಕಿಕೊಂಡಿದ್ದಳು. ಅವ್ವ ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಂಡಳು, ಬಣ್ಣದ ಆಟಕ್ಕೆ ಹರಕೆ! ಗಾರ್ಮೆಂಟ್ಸ್ ಗೆಳತಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕುಳಿತಿದ್ದರು. ನನಗೆ ಕೂರಲು ಆಗುತ್ತಿರಲಿಲ್ಲ. ಇದೊಂದನ್ನು ಗೆದ್ದುಬಿಟ್ಟರೆ ಮುಂದಿನ ಮದುವೆಯಲ್ಲಿ ಯಾರಾದರೂ ಏನು ಮಾಡ್ತಿದೀಯ ಅಂದಾಗ ಹೇಳಲಿಕ್ಕೆ ನನಗೊಂದು ಮಾತಿರುತ್ತದೆ. ಅಷ್ಟೇ ಬೇಕಿತ್ತು, ಆದರೆ ಅದು ಬೇಕೇ ಬೇಕಿತ್ತು.

ಫೈನಲ್ಲಿಗೆ ಮುಂಚೆ ಅತ್ತಿಗೆ ಎಲ್ಲ ಗನ್ನುಗಳ ವೇಗ ನೋಡಿದರು. ಎದುರಾಳಿಗಳದ್ದನ್ನು ಮೈದಾನದ ಬಿಸಿಲಿನಲ್ಲಿ ನೋಡಿದರು. ನಮ್ಮದನ್ನು ಹುಳದ ಮನೆಯ ಬಾಗಿಲಲ್ಲಿ ನೋಡಿದರು, ಯಾಕೆಂದರೆ ಅವು ಅಲ್ಲೇ ಇದ್ದವು. ಆಟ ಆಟದ ನಡುವೆ ನಮ್ಮ ನಾಲ್ಕು ಗನ್ನುಗಳನ್ನು ಅವರು ಒಳಗೆ ಒಯ್ದು, ಮೂಲೆಯ ತಂಪಿನಲ್ಲಿಟ್ಟು, ಸಿಲಿಂಡರುಗಳಿಗೆ ಒದ್ದೆ ಗೋಣಿತಾಟು ಸುತ್ತುತ್ತಿದ್ದರು. ಅವರ ತವರಿನಲ್ಲಿ ಗೂಡು ಕಟ್ಟಲು ಬಂದ ಹುಳುಗಳನ್ನು ಹೀಗೇ ನೋಡಿಕೊಳ್ಳುತ್ತಾರೆ. ಮೀಟರು ಇನ್ನೂರ ಎಂಬತ್ತರ ಒಳಗೇ ತೋರಿಸಿತು. ಸರಿ ಅಂದರು. ನಾವು ಆ ತಂಪು ಸಿಲಿಂಡರುಗಳನ್ನು ಹೊತ್ತು ನೆತ್ತಿ ಸುಡುವ ಬಿಸಿಲಿಗೆ ಹೋದೆವು.

ಆಟ ಬೇಗ ಬೇಗ ನಡೆಯಿತು. ನಮ್ಮವರು ಮೂವರೂ ಹೊರಗೆ, ಅವರಲ್ಲಿ ಮೂವರು ಹೊರಗೆ. ಉಳಿದದ್ದು ನಾನು ಮತ್ತು ಆ ಹುಡುಗಿ. ಸಿಲಿಂಡರು ನನ್ನ ಭುಜಕ್ಕೆ ಬಿಸಿಯಾಗಿ ತಾಗುತ್ತಿತ್ತು, ಆಗ ಅದರ ಕಡೆ ಗಮನವಿರಲಿಲ್ಲ. ಅವಳು ಟಯರಿನ ಹಿಂದಿನಿಂದ ಇಣುಕಿದಳು. ಹೊಡೆದೆ. ಉಂಡೆ ಅವಳ ಮುಖವಾಡಕ್ಕೆ ಓರೆಯಾಗಿ ಬಡಿದು, ಟಪ್ ಅಂದು, ಒಡೆಯದೆ ಹಾರಿಹೋಯಿತು. ಥೂ ನಿನ್ನ ಎಂದು ಉಂಡೆಗೆ ಬೈದೆ. ಒಡೆದಿದ್ದರೆ ಗೆದ್ದಿರುತ್ತಿದ್ದೆ. ತೆವಳಿಕೊಂಡು ಡ್ರಮ್ಮಿನ ಈ ಮಗ್ಗುಲಿಗೆ ಬಂದೆ. ಈಗ ಅವಳು ನನಗೆ ಪೂರ್ತಿ ಕಾಣುತ್ತಿದ್ದಳು, ಬಲಮುಖ ನನ್ನ ಕಡೆ, ನಾಲ್ಕು ಮಾರು ದೂರದಲ್ಲಿ. ಅವಳು ಇನ್ನೂ ನನ್ನ ಹಳೆಯ ಜಾಗವನ್ನೇ ನೋಡುತ್ತಿದ್ದಳು. ಬೆರಳು ಟ್ರಿಗರಿನ ಮೇಲಿತ್ತು.

ಸೀಟಿ ಕೇಳಿತು. ಒಂದಲ್ಲ, ಉಸಿರು ಬಿಡದೆ ಊದಿದ ಸೀಟಿ. ಮುಖವಾಡ ಹಾಕಿಕೊಂಡ ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ, ಮೈದಾನದ ನಟ್ಟನಡುವೆ ಓಡಿ ಬರುತ್ತಿದ್ದರು. "ಗನ್ನು ಕೆಳಗೆ! ಗನ್ನು ಕೆಳಗೆ ಬುಡಮ್ಮಿ!"

ನನ್ನ ಹತ್ತಿರ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ನೇರ ಆ ಹುಡುಗಿಯ ಹತ್ತಿರ ಹೋದರು. ಅವಳನ್ನು ಬಲೆಯ ಆಚೆ ಕರೆದೊಯ್ದು, ತಾವೇ ಅವಳ ಮುಖವಾಡ ಬಿಚ್ಚಿ, ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಬಂದು ನನ್ನ ಗನ್ನು ತೆಗೆದುಕೊಂಡು ಅಲ್ಲೇ ಬಿಸಿಲಿನಲ್ಲೇ ಮೀಟರಿಗೆ ಹಿಡಿದು ಹೊಡೆದರು. ಮುನ್ನೂರರ ಮೇಲೆ ಎಷ್ಟೋ ತೋರಿಸಿತು. ಮೀಟರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ತೆಪ್ಪು ನಂದು. ನಮ್ಮವು ಅಂತ ಒಳಗೆ ತಣ್ಣಗ್ ಮಡಿಕ್ಕಂಡು ಮೀಟ್ರು ನೋಡ್ದೆ. ಬಿಸ್ಲಲ್ ನೋಡ್ಬೇಕಾಗಿತ್ತು. ಉಡುಗೀರ್ದು ಏನೂ ಇಲ್ಲ. ಆದ್ರೂ ಜ್ವರ ಬಂದಿರೋ ಗನ್ನು ಇಡ್ದೋರು ಔಟು, ಅದು ನಮ್ ಮೈದಾನದ ರೂಲ್ಸು. ಆಟ ಮೈಸೂರ್‌ನೋರ್ದು."

ಅಣ್ಣ ಬೇಡಿಕೊಂಡ, "ಇನ್ನೊಂದ್ ಕಿತ ಆಡ್ಸನ ಕಣೆ." ಆ ಹುಡುಗಿಯೂ ಬಂದು, "ಆಂಟಿ, ನಮಗೇನೂ ಬೇಜಾರಿಲ್ಲ, ಮತ್ತೆ ಆಡೋಣ" ಅಂದಳು. ಅತ್ತಿಗೆ ತಲೆಯಾಡಿಸಿದರು. "ಮುಗೀತು, ಓಗಿ, ಊಟ ಮಾಡೋಗಿ." ಅಷ್ಟು ಹೇಳಿ ನಮ್ಮ ನಾಲ್ಕೂ ಗನ್ನುಗಳನ್ನು ಬಾಚಿಕೊಂಡು ಹೊರಟುಹೋದರು. ನನ್ನ ಕಡೆ ನೋಡಲಿಲ್ಲ.

ನಾನು ಕಿರುಚಿದ್ದು ಕಳಲೆಯವರೆಗೆ ಕೇಳಿರಬೇಕು. ಸ್ವಂತ ನಾದಿನಿ ಗೆಲ್ಲುವುದನ್ನು ಕಣ್ಣಿಂದ ನೋಡಲಾಗಲಿಲ್ಲ ಇವಳಿಗೆ, ಹೊಟ್ಟೆಕಿಚ್ಚು, ಎಲ್ಲ ಅಂದೆ. ಈಗ ಬರೆಯಲಾಗದ್ದನ್ನೂ ಅಂದೆ. ಆಮೇಲೆ ಮಾತು ಬಿಟ್ಟೆ. ಒಂದೇ ಮನೆ, ಒಂದೇ ಒಲೆ, ಮಾತಿಲ್ಲ. ಅವ್ವ ಮಧ್ಯೆ ನಿಂತು ಅಂಚೆಯವಳಾದಳು. "ಅವ್ವ, ಸಾರಿಗೆ ಉಪ್ಪು ಕಮ್ಮಿ ಅಂತ ಏಳು ಅವ್ಳಿಗೆ." "ಅತ್ತೆ, ಉಪ್ಪಿನ್ ಮರಿಗೆ ಅಲ್ಲೇ ಅದೆ, ಆಕ್ಕಳಕ್ಕೇಳಿ." ಅವ್ವ ಇಬ್ಬರಿಗೂ ಏನೂ ಹೇಳದೆ ತನ್ನ ಪಾಡಿಗೆ ಉಣ್ಣುತ್ತಿದ್ದಳು. ಅತ್ತಿಗೆ ಎಂದಿಗಿಂತ ಹೆಚ್ಚು ಓಡಾಡಿದರು. ಪಂದ್ಯದ ಮಾರನೆಯ ದಿನವೇ ಮೈಸೂರಿಗೆ ಹೋಗಿ ಮೈದಾನದ ಎಲ್ಲ ಮುಖವಾಡಗಳಿಗೂ ಹೊಸ ಪ್ಲಾಸ್ಟಿಕ್ಕು ತಂದು ಹಾಕಿದರು. ಬಿಸಿಲಿನಲ್ಲಿ ನಮ್ಮ ಗನ್ನುಗಳನ್ನು ಹಿಡಿದುಕೊಂಡು ಗಂಟೆಗಟ್ಟಲೆ ಮೀಟರಿನ ಮುಂದೆ ನಿಂತರು. ನಾನು ಕಿಟಕಿಯಿಂದ ನೋಡುತ್ತ, ಈಗ ಮಾಡು, ಈಗ ಮಾಡಿ ಏನು ಉಪಯೋಗ ಎಂದು ಹಲ್ಲು ಕಡಿಯುತ್ತಿದ್ದೆ.

ವಾರ ಕಳೆದ ಮೇಲೆ ಹುಳದ ಮನೆಗೆ ಹೋದೆ. ಅವರು ಇಲ್ಲದ ಹೊತ್ತು ನೋಡಿಯೇ ಹೋದೆ. ನನ್ನ ಕೈಗವಸು ಅಲ್ಲಿತ್ತು. ಅದನ್ನು ಹುಡುಕುತ್ತ ತಟ್ಟೆಗಳ ಹಿಂದೆ ಕೈಹಾಕಿದಾಗ ಬಟ್ಟೆಯಲ್ಲಿ ಸುತ್ತಿದ ಒಂದು ಮುಖವಾಡ ಸಿಕ್ಕಿತು. ಹಳೆಯದು, ನೀಲಿ ಪಟ್ಟಿಯದು. ಪಟ್ಟಿಗೆ ಒಂದು ಉದ್ದನೆಯ ಕೂದಲು ಸಿಕ್ಕಿಕೊಂಡಿತ್ತು. ಬೆಳಕಿಗೆ ಹಿಡಿದೆ. ಬಲಗಣ್ಣಿನ ಮುಂದೆ, ಸರಿಯಾಗಿ ಬಲಗಣ್ಣಿನ ಮುಂದೆ, ಮೇಲಿಂದ ಕೆಳಕ್ಕೆ ಒಂದು ಸೀಳು. ಹೆಬ್ಬೆರಳಿನಿಂದ ಒತ್ತಿದೆ. ಬಿರುಕು ಬಾಯಿಬಿಟ್ಟು ಬೆರಳಿನ ತುದಿ ಒಳಗೆ ಹೋಯಿತು.

ಟಪ್ ಎಂದ ಸದ್ದು ನೆನಪಾಯಿತು, ಅತ್ತಿಗೆಯ ಕಿವಿಗೆ ಬಿದ್ದದ್ದು ಅದೇ. ನಾಲ್ಕು ಮಾರು ದೂರದಲ್ಲಿ, ನನ್ನ ಕಡೆ ಬಲಮುಖ ಮಾಡಿ ನಿಂತಿದ್ದ ಹುಡುಗಿ ನೆನಪಾದಳು. ನನ್ನ ಬೆರಳು ಎಲ್ಲಿತ್ತು ಎಂಬುದು ನೆನಪಾಯಿತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಅತ್ತಿಗೆ ಬಂದಾಗಲೂ ನಾನು ಹಾಗೇ ಕುಳಿತಿದ್ದೆ. ಅವರು ಮೊದಲು ನೋಡಿದ್ದು ನನ್ನ ಕೈಯನ್ನು.

"ಅತ್ಗೆ, ಇದ್ನ ಯಾಕ್ ಏಳ್ಲಿಲ್ಲ ನೀನು? ನಾನು ಅಷ್ಟೊಂದ್ ಬೈದ್ನಲ್ಲ, ಆಗ್ಲಾದ್ರೂ ತಂದು ಮುಖದ್ ಮೇಲೆ ಎಸೀಬಾರ್ದಿತ್ತಾ?"

ಅವರು ಮುಖವಾಡವನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ನಾನು ಅವರನ್ನು ಮದುವೆಯಾಗಿ ಬಂದ ದಿನದಿಂದ ಬಲ್ಲೆ, ಆ ಹೊತ್ತು ಮೊದಲ ಸಲ ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಂಡರು.

"ಏಳಿದ್ರೆ ನೀನು ಮತ್ತೆ ಗನ್ನು ಮುಟ್ತಿದ್ದ್ಯಾ? ಸೋತೆ ಅಂತ ನನ್ ಮ್ಯಾಲೆ ಸಿಟ್ಟು ಮಾಡ್ಕಂಡಿರು ಅಂತ ಬುಟ್ಟೆ. ಸಿಟ್ಟು ವಾರಕ್ಕೋ ತಿಂಗ್ಳಿಗೋ ಇಳೀತದೆ ಕಣಮ್ಮಿ. ಇದು ತಲೆ ಒಳಿಕ್ಕೆ ಓದ್ರೆ ಇಳಿಯಲ್ಲ. ನಂಗೆ ಎಂಗೂ ಸುಮ್ಕಿರಕ್ಕಾಗಲ್ಲ, ನಿದ್ದೇನೂ ಅಷ್ಟ್ರಲ್ಲೇ ಅದೆ. ಇದೊಂದು ನನ್ ಅತ್ರನೇ ಇರ್ಲಿ ಅಂದ್ಕಂಡೆ."

ನಾನು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು, ಒರಟಾದ, ಎಣ್ಣೆ ವಾಸನೆಯ ಕೈ. ಬಹಳ ಹೊತ್ತೇನೂ ಅಲ್ಲ. ಮೈದಾನದ ಕಡೆಯಿಂದ ಯಾವುದೋ ಗನ್ನು ಕೆಮ್ಮಿತು, ಎದ್ದು ಹೋದರು.

ಅವರು ಹೇಳಿದ್ದು ನಿಜವೇ ಆಯಿತು. ನನ್ನ ಸಿಟ್ಟು ಅಂದೇ ಇಳಿಯಿತು. ಇನ್ನೊಂದು ಇಳಿಯಲಿಲ್ಲ. ಆದರೆ ಅದು ಬಂದದ್ದು ಒಂದು ವಾರ ತಡವಾಗಿ, ಅವರು ಪಕ್ಕದಲ್ಲಿದ್ದಾಗ. ಹಾಗಾಗಿ ಗನ್ನು ಬಿಡಲಿಲ್ಲ. ಅವರ ಜೊತೆ ಬಿಸಿಲಿನಲ್ಲಿ ನಿಂತು ಮೀಟರು ನೋಡಲು ಕಲಿತೆ, ನಳಿಗೆ ಊದಲು ಕಲಿತೆ, ಬೈಸಿಕೊಳ್ಳಲು ಮೊದಲೇ ಗೊತ್ತಿತ್ತು. ಈಗ ಏನು ಮಾಡ್ತಿದೀಯ ಎಂದು ಯಾರಾದರೂ ಕೇಳಿದರೆ ಗನ್ನು ಹದ ಮಾಡ್ತೀನಿ ಎನ್ನುತ್ತೇನೆ. ಕೇಳಿದವರು ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಅತ್ತಿಗೆ ಆಮೇಲೆ ಬಹಳ ವರ್ಷ ಇರಲಿಲ್ಲ. ತೂಕ ಇಳಿಯುತ್ತ ಹೋಯಿತು, ಕೈ ನಡುಗತೊಡಗಿತು. ಸ್ಕ್ರೂಗೆ ಕೀಲಿ ಕೂರುತ್ತಿರಲಿಲ್ಲ, ನನ್ನ ಕೈಯಲ್ಲಿ ತಿರುಗಿಸಲು ಹೇಳಿ ತಾವು ಕಿವಿಯಿಟ್ಟು ಕೇಳುತ್ತಿದ್ದರು. ಮೈಸೂರಿನ ಡಾಕ್ಟರು ಥೈರಾಯ್ಡ್ ಅಂದರು, ಎಷ್ಟೋ ವರ್ಷಗಳಿಂದ ಇರಬೇಕು, ಎದೆ ದಣಿದುಹೋಗಿದೆ ಅಂದರು. ಈ ಚಡಪಡಿಕೆ, ನಿದ್ದೆ ಬಾರದಿರುವುದು, ಕೂತಲ್ಲಿ ಕೂರದಿರುವುದು ಎಲ್ಲ ಅದರದ್ದೇ ಲಕ್ಷಣ ಅಂತ ವಿವರಿಸಿದರು. ನನಗೆ ಡಾಕ್ಟರ ಮೇಲೆ ಸಿಟ್ಟು ಬಂತು. ನಾವು ಅಷ್ಟು ವರ್ಷ ಆಡಿಕೊಂಡು ನಕ್ಕದ್ದು ಒಂದು ಕಾಯಿಲೆಯನ್ನು ನೋಡಿ ಎಂದು ಒಪ್ಪಿಕೊಳ್ಳಲು ಇವತ್ತಿಗೂ ಮನಸ್ಸಿಲ್ಲ. ಡಾಕ್ಟರು ವಿಶ್ರಾಂತಿ ಅಂದಾಗ ಅತ್ತಿಗೆ ಯಾವುದೋ ಊರಿನ ಹೆಸರು ಕೇಳಿದವರಂತೆ ನೋಡಿದರು. ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಉಂಡೆ ಹೊರಳಿಸಲು ಹೊರಟವರು ಅಂಗಳದಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ತಿಥಿಯ ದಿನ ಹೊಲದ ಹತ್ತಿರ ಜನ ಸೇರಿದ್ದರು. ತಿ. ನರಸೀಪುರದ ಕಡೆಯ ನೆಂಟರು, ಗಾರ್ಮೆಂಟ್ಸ್ ಗೆಳತಿಯರು, ಒಮ್ಮೆ ಸಾಕ್ಸಿನಲ್ಲಿ ನಿಂತಿದ್ದ ಮ್ಯಾನೇಜರುಗಳು. ಮೈಸೂರಿನ ತಂಡದ ಆ ನಾಯಕಿಯೂ ಬಂದಿದ್ದಳು. ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳಂತೆ, ಸುದ್ದಿ ತಿಳಿದು ರಜೆ ಹಾಕಿ ಬಂದಿದ್ದಳು. ಆ ಪಂದ್ಯವನ್ನು ಅವಳು ಮರೆತಿರಲಿಲ್ಲ. "ನಮ್ಮನ್ನ ಗೆಲ್ಸಿದ್ದು ಆಂಟೀನೇ ಅಕ್ಕ. ಅವತ್ತು ನೀವೇ ಗೆಲ್ತಿದ್ರಿ. ನನಗೆ ಇಷ್ಟು ವರ್ಷ ಅದೊಂದು ಥರಾ ಸಂಕೋಚ" ಅಂದಳು. ಮುಖವಾಡದ ಸಂಗತಿ ಅವಳಿಗೆ ಗೊತ್ತಿರಲಿಲ್ಲ, ಅತ್ತಿಗೆ ಅವಳಿಗೂ ಹೇಳಿರಲಿಲ್ಲ. ಹೇಳಬೇಕೆಂದು ನಾನು ಬಾಯಿ ತೆರೆದೆ. ಅವಳು ಅತ್ತಿಗೆಯ ಫೋಟೋದ ಕಡೆ ತಿರುಗಿ ಅಳಲು ಶುರುಮಾಡಿದಳು, ಕರ್ಚೀಫಿನಿಂದ ಒಂದು ಕಣ್ಣು ಒರೆಸಿಕೊಂಡಳು, ಆಮೇಲೆ ಇನ್ನೊಂದು ಕಣ್ಣು ಒರೆಸಿಕೊಂಡಳು. ಅವಳ ಎರಡು ಕಣ್ಣುಗಳನ್ನೂ ನೋಡುತ್ತ ನಿಂತೆ.